ಮೂತ್ರನಾಳದ ಉರಿಯೂತ: ಉಷ್ಣವಲ್ಲ, ಸೋಂಕು



ಮೂತ್ರ ವಿಸರ್ಜಿಸುವಾಗ ಉರಿಯಾದರೆ ‘ಉಷ್ಣವಾಗಿದೆ’ ಎಂದು ಮಜ್ಜಿಗೆ, ಎಳನೀರು ಕುಡಿದು ಸುಮ್ಮನಾಗುವುದು ನಮ್ಮ ಗ್ರಾಮಗಳ ವಾಡಿಕೆ. ಬಿಸಿಲಿನಲ್ಲಿ ದುಡಿದು ನೀರು ಕಡಿಮೆ ಕುಡಿದವರ ಉರಿ ಇದರಿಂದ ಶಮನವಾಗಬಹುದು. ಆದರೆ ಪುರುಷರಲ್ಲಿ ಉರಿಯೊಂದಿಗೆ ಕೀವು ಅಥವಾ ಲೋಳೆಯಂತಹ ಸ್ರಾವವಿದ್ದರೆ, ಅದು ಬಹುತೇಕ ಲೈಂಗಿಕ ಸಂಪರ್ಕದಿಂದ ಹರಡಿದ ಸೋಂಕಾಗಿರುತ್ತದೆ.

ಕಾರಣವಾದ ಬ್ಯಾಕ್ಟೀರಿಯಾಗಳು

ಇವುಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು ಗೊನೋರಿಯಾ. ಇದರ ರೋಗಾಣುವನ್ನು ಜರ್ಮನಿಯ ವೈದ್ಯ ಆಲ್ಬರ್ಟ್ ನೈಸರ್ 1879ರಲ್ಲಿ ಗುರುತಿಸಿದರು. ಸಾಮಾನ್ಯವಾಗಿ ಸೋಂಕು ತಗುಲಿದ 2ರಿಂದ 5 ದಿನಗಳಲ್ಲಿ ದಪ್ಪ, ಹಳದಿ ಕೀವು ಕಾಣಿಸುತ್ತದೆ. ಎರಡನೆಯದು ಕ್ಲಮೈಡಿಯಾ. ಇದರ ಲಕ್ಷಣಗಳು 1ರಿಂದ 3 ವಾರಗಳ ನಂತರ ತೋರುತ್ತವೆ. ಸ್ರಾವ ತೆಳು, ಉರಿ ಸೌಮ್ಯ. ಮೂರನೆಯದು ಮೈಕೋಪ್ಲಾಸ್ಮಾ ಜೆನಿಟಾಲಿಯಂ. ಚಿಕಿತ್ಸೆಯ ನಂತರವೂ ಉರಿ ಮರುಕಳಿಸಲು ಇದು ಕಾರಣವಾಗಬಹುದು. ಗೊನೋರಿಯಾ ಮತ್ತು ಕ್ಲಮೈಡಿಯಾ ಅನೇಕ ವೇಳೆ ಜೊತೆಯಾಗಿರುವುದರಿಂದ ವೈದ್ಯರು ಎರಡಕ್ಕೂ ಒಟ್ಟಿಗೆ ಔಷಧ ನೀಡುತ್ತಾರೆ.

ಮಹಿಳೆಯರಲ್ಲಿ ಮೌನ ಸೋಂಕು

ಸೋಂಕಿತ ಮಹಿಳೆಯರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಸೋಂಕು ಗರ್ಭಕೋಶವನ್ನು ದಾಟಿ ಗರ್ಭನಾಳಗಳಿಗೆ ಏರಿದರೆ ಸಂತಾನಹೀನತೆ ಉಂಟಾಗಬಹುದು. ಗರ್ಭವು ನಾಳದಲ್ಲಿಯೇ ಬೆಳೆದು ಪ್ರಾಣಾಪಾಯವೂ ಒದಗಬಹುದು. ಹೆರಿಗೆಯ ವೇಳೆ ಶಿಶುವಿನ ಕಣ್ಣಿಗೂ ಸೋಂಕು ತಗುಲಬಹುದು. ಪತಿ ಮುಚ್ಚಿಟ್ಟ ಕಾಯಿಲೆಯಿಂದ ಮಕ್ಕಳಾಗದಿದ್ದರೂ ‘ಬಂಜೆ’ ಎಂಬ ನಿಂದೆಯನ್ನು ಪತ್ನಿಯೇ ಹೊರಬೇಕಾಗುತ್ತದೆ. ಇಂತಹ ಅನ್ಯಾಯ ನಡೆಯದಂತೆ ತಡೆಯುವುದು ಸಾಧ್ಯ.

ಚಿಕಿತ್ಸೆ

ಈ ಸೋಂಕುಗಳು ಸಂಪೂರ್ಣ ಗುಣವಾಗತಕ್ಕವು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಸಲಹೆ ಮತ್ತು ಔಷಧ ಉಚಿತ. ಪತಿ, ಪತ್ನಿ ಇಬ್ಬರೂ ಏಕಕಾಲಕ್ಕೆ ಚಿಕಿತ್ಸೆ ಪಡೆದು, ನಂತರ 7 ದಿನ ಸಂಪರ್ಕದಿಂದ ದೂರವಿರಬೇಕು. ಒಬ್ಬರೇ ಔಷಧ ಸೇವಿಸಿದರೆ ಸೋಂಕು ಮತ್ತೆ ಬರುತ್ತದೆ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದು ಸಲ್ಲದು; ಸಿಪ್ರೊಫ್ಲಾಕ್ಸಸಿನ್‌ನಂತಹ ಹಳೆಯ ಔಷಧಗಳಿಗೆ ಗೊನೋರಿಯಾ ಈಗ ಬಗ್ಗುವುದಿಲ್ಲ. ಈ ಸೋಂಕಿದ್ದವರಿಗೆ ಎಚ್‌ಐವಿ ತಗುಲುವ ಸಾಧ್ಯತೆ ಹೆಚ್ಚಿರುವುದರಿಂದ ಎಚ್‌ಐವಿ ಹಾಗೂ ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಸದಸ್ಯರು ಮಾಡಬೇಕಾದುದು

1. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಗುಳೆ ಹೋದವರು ಹಬ್ಬ, ಜಾತ್ರೆಗಳಿಗೆ ಊರಿಗೆ ಮರಳಿದಾಗ ಆಶಾ ಕಾರ್ಯಕರ್ತೆಯರ ಮೂಲಕ ಈ ಮಾಹಿತಿ ಹಾಗೂ ಕಾಂಡೋಮ್ ಬಳಕೆಯ ತಿಳಿವಳಿಕೆ ನೀಡುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ವಿಷಯವನ್ನು ಚರ್ಚಿಸುವುದು. ಯಾವ ವ್ಯಕ್ತಿಯ ಹೆಸರನ್ನೂ ಕೇಳಬಾರದು, ದಾಖಲಿಸಬಾರದು.

3. ಉಚಿತ ಸಹಾಯವಾಣಿ 1097ನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಬರೆಸುವುದು.

ಗುಟ್ಟು ಕಾಪಾಡುವರೆಂಬ ನಂಬಿಕೆ ಇದ್ದರೆ ಮಾತ್ರ ಜನರು ಆಸ್ಪತ್ರೆಗೆ ಬರುತ್ತಾರೆ. ಆ ನಂಬಿಕೆಯನ್ನು ಉಳಿಸುವುದು ತಮ್ಮೆಲ್ಲರ ಹೊಣೆ.