ಪಿಕಲ್‌ಬಾಲ್: ಬಲವನ್ನು ಪಳಗಿಸಿದ ಆಟ

ಚೆಂಡನ್ನು ಹೊಡೆದಾಡುವ ಆಟಗಳಲ್ಲಿ ತೋಳ್ಬಲವುಳ್ಳವನಿಗೆ ಮೇಲುಗೈ ಸಿಗುವುದು ಸಹಜವೆಂದು ನಾವೆಲ್ಲರೂ ನಂಬಿದ್ದೇವೆ. ಟೆನಿಸ್ ಅಂಗಣದಲ್ಲಿ ಹದಿನೆಂಟು ವರ್ಷದ ತರುಣನ ಎದುರಿಗೆ ಅರುವತ್ತೈದು ವರ್ಷದ ಅವನ ಅಜ್ಜಿಯನ್ನು ನಿಲ್ಲಿಸಿದರೆ ಆಟವು ನಾಲ್ಕಾರು ಹೊಡೆತಗಳಲ್ಲಿ ಮುಗಿದುಹೋದೀತು. ಆದರೆ ಇಂದು ಅಮೆರಿಕದ ಊರೂರಿನ ಉದ್ಯಾನಗಳಲ್ಲಿ ಇಂತಹ ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಅಂಗಣದಲ್ಲಿ ಎದುರುಬದುರಾಗಿ ನಿಂತು ಆಡುತ್ತಿದ್ದಾರೆ. ಎಷ್ಟೋ ವೇಳೆ ಗೆಲ್ಲುವವರು ಅಜ್ಜಿಯರೇ! ಆ ಆಟದ ಹೆಸರು ಪಿಕಲ್‌ಬಾಲ್. ಅಲ್ಲಿನ ಕ್ರೀಡೋದ್ಯಮ ಸಂಸ್ಥೆಯೊಂದರ ಎಣಿಕೆಯಂತೆ 2021ರಲ್ಲಿ ಇದನ್ನು ಆಡುತ್ತಿದ್ದವರು ಸುಮಾರು 48 ಲಕ್ಷ ಮಂದಿ. 2024ರಲ್ಲಿ ಅವರ ಸಂಖ್ಯೆ ಸುಮಾರು ಒಂದು ಕೋಟಿ 98 ಲಕ್ಷಕ್ಕೆ ಏರಿತು. ಹಿರಿಯರನ್ನೂ ಕಿರಿಯರನ್ನೂ ಹೀಗೆ ಸರಿಸಮನಾಗಿ ನಿಲ್ಲಿಸುವ ಶಕ್ತಿ ಈ ಆಟಕ್ಕೆ ಎಲ್ಲಿಂದ ಬಂತು? ಆಟಗಾರರ ಸೌಜನ್ಯದಿಂದಲೋ, ಅಥವಾ ಚೆಂಡು, ಬಲೆ, ಅಂಗಣಗಳ ಅಳತೆಯಲ್ಲಿಯೇ ಅದು ಅಡಗಿದೆಯೋ? ಇದನ್ನು ಭೌತಶಾಸ್ತ್ರದ ದೃಷ್ಟಿಯಿಂದ ಸ್ವಲ್ಪ ಪರಿಶೀಲಿಸೋಣ.

ಆಟದ ಹುಟ್ಟು

1965ರ ಬೇಸಗೆಯ ಮಾತು. ವಾಷಿಂಗ್ಟನ್ ಸಂಸ್ಥಾನದ ಸಿಯಾಟಲ್ ನಗರದ ಬಳಿ ಬೇನ್‌ಬ್ರಿಜ್ ಎಂಬ ದ್ವೀಪವಿದೆ. ಅಲ್ಲಿ ಜೋಯಲ್ ಪ್ರಿಚರ್ಡ್ ಎಂಬವರ ಮನೆಯ ಹಿತ್ತಿಲಲ್ಲಿ ಹಳೆಯದೊಂದು ಬ್ಯಾಡ್ಮಿಂಟನ್ ಅಂಗಣವಿತ್ತು. ಆಗ ಸಂಸ್ಥಾನದ ಶಾಸನಸಭೆಯಲ್ಲಿದ್ದ ಪ್ರಿಚರ್ಡ್ ಮುಂದೆ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರಾದರು. ಒಂದು ದಿನ ಅವರೂ ಅವರ ಮಿತ್ರ ಬಿಲ್ ಬೆಲ್ ಅವರೂ ಮನೆಗೆ ಬಂದಾಗ ಮನೆಮಂದಿಯೆಲ್ಲ ಮಾಡಲು ಏನೂ ಇಲ್ಲದೆ ಬೇಸರದಿಂದ ಕುಳಿತಿದ್ದರು. ಬ್ಯಾಡ್ಮಿಂಟನ್ ಆಡೋಣವೆಂದರೆ ಬೇಕಾದ ಸಾಮಗ್ರಿ ಸಿಗಲಿಲ್ಲ. ಆಗ ಮೇಜಿನ ಟೆನಿಸ್ಸಿನ ಬ್ಯಾಟುಗಳನ್ನೂ ಮಕ್ಕಳು ಆಡುವ ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡನ್ನೂ ಹಿಡಿದು ಅವರು ಆಟವನ್ನು ಆರಂಭಿಸಿದರು. ಮೊದಲು 60 ಅಂಗುಲ ಎತ್ತರದಲ್ಲಿದ್ದ ಬಲೆಯನ್ನು, ಚೆಂಡು ಪುಟಿಯುವ ರೀತಿಯನ್ನು ನೋಡಿಕೊಂಡು, 36 ಅಂಗುಲಕ್ಕೆ ಇಳಿಸಿದರು. ಬಾರ್ನೆ ಮೆಕಾಲಮ್ ಎಂಬ ಇನ್ನೊಬ್ಬ ಮಿತ್ರರು ಬೇಗನೆ ಜೊತೆಗೂಡಿದರು. ಮನೆಯವರೆಲ್ಲರೂ ಕೂಡಿ ಆಡುವಂತಿರಬೇಕೆಂಬ ಉದ್ದೇಶವನ್ನು ಮುಂದಿಟ್ಟುಕೊಂಡೇ ಮೂವರೂ ನಿಯಮಗಳನ್ನು ರೂಪಿಸಿದರು.

‘ಪಿಕಲ್’ ಎಂದರೆ ಉಪ್ಪಿನಕಾಯಿಯಲ್ಲವೆ? ಆಟಕ್ಕೂ ಉಪ್ಪಿನಕಾಯಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ದೋಣಿಯ ಪಂದ್ಯಗಳಲ್ಲಿ ಬೇರೆ ಬೇರೆ ದೋಣಿಗಳಿಗೆ ಆಯ್ಕೆಯಾಗದೆ ಉಳಿದವರನ್ನು ಕೂಡಿಸಿ ಕಳುಹಿಸುವ ದೋಣಿಗೆ ‘ಪಿಕಲ್ ದೋಣಿ’ ಎಂಬ ಹೆಸರುಂಟು. ಹಲವು ಆಟಗಳ ಉಳಿಕೆಗಳಿಂದ ಹುಟ್ಟಿದ ಈ ಆಟಕ್ಕೆ ಪ್ರಿಚರ್ಡರ ಪತ್ನಿ ಜೋನ್ ಆ ಹೆಸರನ್ನು ಕೊಟ್ಟರೆಂದು ಅವರ ಮನೆಯವರ ಹೇಳಿಕೆ. ಮನೆಯ ನಾಯಿಯ ಹೆಸರು ಆಟಕ್ಕೆ ಬಂತೆಂಬ ಕಥೆಯೂ ಪ್ರಚಾರದಲ್ಲಿದೆ; ಆದರೆ ಆಟದ ಹೆಸರನ್ನೇ ನಾಯಿಗೆ ಇಟ್ಟೆವೆಂದು ಮನೆಯವರು ಹೇಳುತ್ತಾರೆ.

ಅಂಗಣ ಮತ್ತು ಚೆಂಡು

ಇಬ್ಬಿಬ್ಬರಾಗಿ ಆಡುವ ಬ್ಯಾಡ್ಮಿಂಟನ್ ಅಂಗಣದ ಅಳತೆಯೇ ಪಿಕಲ್‌ಬಾಲಿಗೂ ಉಳಿದುಬಂದಿದೆ: 44 ಅಡಿ ಉದ್ದ, 20 ಅಡಿ ಅಗಲ, ಅಂದರೆ 880 ಚದರಡಿ. ಟೆನಿಸ್ ಅಂಗಣವು 78 ಅಡಿ ಉದ್ದ, 36 ಅಡಿ ಅಗಲ. ಅದರ ವಿಸ್ತೀರ್ಣ 2808 ಚದರಡಿ. ಎಂದರೆ ಪಿಕಲ್‌ಬಾಲ್ ಅಂಗಣವು ಟೆನಿಸ್ ಅಂಗಣದ ಮೂರನೆಯ ಒಂದು ಪಾಲಿಗಿಂತಲೂ ಚಿಕ್ಕದು. ಇಬ್ಬರು ಜೊತೆಗಾರರು 20 ಅಡಿ ಅಗಲವನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಹತ್ತೇ ಅಡಿ. ಮಧ್ಯದಲ್ಲಿ ನಿಂತವರು ಎಡಕ್ಕೋ ಬಲಕ್ಕೋ ಎರಡು ಹೆಜ್ಜೆಯಿಟ್ಟರೆ ಸಾಕು. ಓಡುವ ಕಾಲುಗಳ ಮೇಲುಗೈ ಇಲ್ಲಿಯೇ ಬಹುಮಟ್ಟಿಗೆ ತಗ್ಗುತ್ತದೆ.

ಇನ್ನು ಚೆಂಡು. ನಿಯಮದ ಪ್ರಕಾರ ಅದರ ವ್ಯಾಸವು ಸುಮಾರು 7.4 ಸೆಂಟಿಮೀಟರ್; ತೂಕವು 22ರಿಂದ 26.5 ಗ್ರಾಂಗಳ ಒಳಗೆ. ತೂತುಗಳು 26ರಿಂದ 40. ಟೆನಿಸ್ ಚೆಂಡಿನ ವ್ಯಾಸ ಸುಮಾರು 6.7 ಸೆಂಟಿಮೀಟರ್, ತೂಕ ಸುಮಾರು 58 ಗ್ರಾಂ. ಗಾಳಿಯು ಚೆಂಡನ್ನು ತಡೆಯುವುದು ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನುಗುಣವಾಗಿ; ಆ ತಡೆಯನ್ನು ಎದುರಿಸಿ ಮುನ್ನುಗ್ಗುವ ಸಾಮರ್ಥ್ಯವಿರುವುದು ಅದರ ದ್ರವ್ಯರಾಶಿಯಲ್ಲಿ. ಲೆಕ್ಕ ಹಾಕಿದರೆ ಪಿಕಲ್‌ಬಾಲ್ ಚೆಂಡಿನ ಒಂದೊಂದು ಗ್ರಾಂಗೆ ಸುಮಾರು 1.8 ಚದರ ಸೆಂಟಿಮೀಟರ್ ಅಡ್ಡಕೊಯ್ತ ಬರುತ್ತದೆ. ಟೆನಿಸ್ ಚೆಂಡಿಗಾದರೋ 0.6 ಮಾತ್ರ. ಆದುದರಿಂದ ಪಿಕಲ್‌ಬಾಲ್ ಚೆಂಡು ಗಾಳಿಯ ತಡೆಗೆ ಬಹಳ ಬೇಗ ಮಣಿಯುತ್ತದೆ. ಇದಲ್ಲದೆ ವೇಗವು ಇಮ್ಮಡಿಯಾದರೆ ತಡೆಯು ನಾಲ್ಮಡಿಯಾಗುವುದು. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೊರಟ ಈ ಚೆಂಡಿನ ಮೇಲೆ ಗಾಳಿ ಒಡ್ಡುವ ತಡೆಯು ಚೆಂಡಿನ ಸ್ವಂತ ತೂಕವನ್ನೇ ಮೀರಿರುತ್ತದೆ! ಬಲಶಾಲಿಯು ಹೆಚ್ಚು ಬಲದಿಂದ ಹೊಡೆದಷ್ಟೂ ಗಾಳಿಯು ಅವನಿಂದ ಹೆಚ್ಚು ಸುಂಕವನ್ನು ವಸೂಲು ಮಾಡುತ್ತದೆ.

ಪುಟಿತದಲ್ಲಿಯೂ ಹೀಗೆಯೇ. 78 ಅಂಗುಲ ಎತ್ತರದಿಂದ ಗಟ್ಟಿಯಾದ ಕಲ್ಲಿನ ಮೇಲೆ ಬಿಟ್ಟರೆ ಪಿಕಲ್‌ಬಾಲ್ ಚೆಂಡು 30ರಿಂದ 34 ಅಂಗುಲ ಏರಬೇಕೆಂಬುದು ನಿಯಮ. ಬಿದ್ದ ಎತ್ತರದ ನೂರಕ್ಕೆ ಸುಮಾರು 41ರಷ್ಟು. ನೂರು ಅಂಗುಲದಿಂದ ಬಿಟ್ಟ ಟೆನಿಸ್ ಚೆಂಡು 53ರಿಂದ 58 ಅಂಗುಲ ಏರುತ್ತದೆ. ವಿದ್ಯಾರ್ಥಿಗಳು ಗೋಡೆಯ ಮೇಲೆ ಅಂಗುಲದ ಗುರುತುಗಳನ್ನು ಬರೆದು, ಎರಡು ಬಗೆಯ ಚೆಂಡುಗಳನ್ನು ಬಿಟ್ಟು, ಈ ವ್ಯತ್ಯಾಸವನ್ನು ಸ್ವತಃ ಅಳೆದು ನೋಡಬಹುದು. ಖರ್ಚಿಲ್ಲದ ಸುಲಭವಾದ ಪ್ರಯೋಗವಿದು.

‘ಅಡಿಗೆಮನೆ’ಯ ರಹಸ್ಯ

ಬಲೆಯ ಎರಡು ಬದಿಗಳಲ್ಲಿಯೂ ಏಳೇಳು ಅಡಿಯ ಒಂದೊಂದು ಪಟ್ಟಿಯನ್ನು ಗುರುತಿಸಿರುತ್ತಾರೆ. ಆಟಗಾರರು ಇದನ್ನು ‘ಅಡಿಗೆಮನೆ’ ಎಂದು ಕರೆಯುತ್ತಾರೆ. ಇದರೊಳಗೆ ನಿಂತು, ನೆಲಕ್ಕೆ ತಾಗದ ಚೆಂಡನ್ನು ಹೊಡೆಯಕೂಡದು. ಚೆಂಡು ಅಲ್ಲಿ ಬಿದ್ದು ಪುಟಿದರೆ ಮಾತ್ರ ಒಳಗೆ ಕಾಲಿಟ್ಟು ಹೊಡೆಯಬಹುದು. ಆಟದ ಜೀವವೆಲ್ಲ ಈ ನಿಯಮದಲ್ಲಿದೆ.

ಗೆರೆಯ ಹಿಂದೆ, ಬಲೆಯಿಂದ ಏಳಡಿ ದೂರದಲ್ಲಿ ನಿಂತ ಬಲಶಾಲಿಯೊಬ್ಬನು ಚೆಂಡನ್ನು ಅತ್ಯಂತ ವೇಗವಾಗಿ ಹೊಡೆದನೆಂದು ಭಾವಿಸೋಣ. ವೇಗ ಹೆಚ್ಚಿದಷ್ಟೂ ಚೆಂಡಿನ ದಾರಿ ನೇರವಾದ ಗೆರೆಗೆ ಸಮೀಪವಾಗುವುದು. ಬಲೆಯ ಎತ್ತರ ನಡುವಿನಲ್ಲಿ 34 ಅಂಗುಲ. ಅದನ್ನು ದಾಟಿದ ಚೆಂಡು ಆಚೆಯ 22 ಅಡಿಯೊಳಗೆ ಬೀಳಬೇಕು. ಸಮರೂಪ ತ್ರಿಕೋನಗಳ ಲೆಕ್ಕದಿಂದ, ಹೊಡೆಯುವಾಗ ಚೆಂಡು ನೆಲದಿಂದ ಸುಮಾರು 45 ಅಂಗುಲ ಮೇಲಿರಬೇಕೆಂದು ತಿಳಿಯುತ್ತದೆ. ಅದಕ್ಕಿಂತ ಕೆಳಗಿರುವ ಚೆಂಡನ್ನು ಹಾಗೆ ಹೊಡೆದರೆ ಅದು ಬಲೆಗೆ ತಾಗಬೇಕು, ಇಲ್ಲವೆ ಅಂಗಣದ ಹೊರಗೆ ಬೀಳಬೇಕು. ಮೆಲ್ಲನೆ ಹೊಡೆದರೆ ಗುರುತ್ವಾಕರ್ಷಣೆಯು ಚೆಂಡನ್ನು ಬಾಗಿಸಿ ಒಳಗೆ ಇಳಿಸುತ್ತದೆ. ಹೀಗೆ ತಗ್ಗಿನಲ್ಲಿರುವ ಚೆಂಡು ಬಲಕ್ಕೆ ಒಲಿಯುವುದಿಲ್ಲ, ಮೃದುತ್ವಕ್ಕೆ ಒಲಿಯುತ್ತದೆ.

ಚೆಂಡನ್ನು ತಗ್ಗಿನಲ್ಲಿಯೇ ಇರಿಸುವುದು ಹೇಗೆ? ಇಲ್ಲಿ ಪುಟಿತದ ಲೆಕ್ಕವು ನೆರವಿಗೆ ಬರುತ್ತದೆ. ಆಟಗಾರ್ತಿಯೊಬ್ಬಳು ಚೆಂಡನ್ನು 48 ಅಂಗುಲದವರೆಗೆ ಮಾತ್ರ ಏರಿಸಿ, ಬಲೆಯಾಚೆಗೆ, ಎದುರಾಳಿಯ ಅಡಿಗೆಮನೆಯೊಳಗೆ ಮೆಲ್ಲನೆ ಇಳಿಸಿದಳೆನ್ನೋಣ. ಅದು ಪುಟಿದು ಏರುವುದು ಸುಮಾರು 20 ಅಂಗುಲ, ಅಂದರೆ ಬಲೆಯ ಅಂಚಿಗಿಂತ 14 ಅಂಗುಲ ಕೆಳಗೆ. ಬಲೆಯ ಮಟ್ಟಕ್ಕೆ ಪುಟಿಯಬೇಕಾದರೆ ಚೆಂಡು ಹತ್ತಿರ ಹತ್ತಿರ ಏಳಡಿ ಎತ್ತರದಿಂದ ಬೀಳಬೇಕಾಗಿತ್ತು. ಈಗ ಎದುರಾಳಿಯು ಎಷ್ಟೇ ಬಲಶಾಲಿಯಾಗಿರಲಿ, ಚೆಂಡನ್ನು ಮೇಲಕ್ಕೆ ಎತ್ತಲೇಬೇಕು. ಜೋರಾಗಿ ಎತ್ತಿದರೆ ಚೆಂಡು ಹೊರಗೆ ಹೋಗುತ್ತದೆ. ಎತ್ತರವಾಗಿ ಎತ್ತಿದರೆ ಆಕೆಯೇ ಅದನ್ನು ಅಪ್ಪಳಿಸುತ್ತಾಳೆ. ಆದುದರಿಂದ ಅವನೂ ಅಷ್ಟೇ ಮೃದುವಾಗಿ ಹಿಂತಿರುಗಿಸದೆ ಬೇರೆ ದಾರಿಯಿಲ್ಲ. ಈ ಮೆಲುಹೊಡೆತಕ್ಕೆ ‘ಡಿಂಕ್’ ಎಂದು ಹೆಸರು. ಅಜ್ಜಿಯ ಗೆಲುವಿನ ಗುಟ್ಟು ಇದೇ.

ಹಾಗೆಂದು ಆಟವು ಸಪ್ಪೆಯೆಂದು ಭಾವಿಸಬಾರದು. ಎರಡು ಅಡಿಗೆಮನೆಗಳ ಗೆರೆಗಳ ನಡುವಿನ ದೂರ ಹದಿನಾಲ್ಕೇ ಅಡಿ. ಯಾರಾದರೊಬ್ಬರು ತುಸು ಎತ್ತರವಾಗಿ ಚೆಂಡನ್ನು ಕೊಟ್ಟರೆ, ಸೆಕೆಂಡಿಗೆ 15 ಮೀಟರ್ ವೇಗದ ಹೊಡೆತವು ಸೆಕೆಂಡಿನ ಮೂರನೆಯ ಒಂದು ಪಾಲಿನೊಳಗೆ ಎದುರಿನವರನ್ನು ಮುಟ್ಟುತ್ತದೆ. ಕಣ್ಣು ಕಂಡುದಕ್ಕೆ ಕೈ ಸ್ಪಂದಿಸಲು ಸುಮಾರು ಐದನೆಯ ಒಂದು ಪಾಲು ಬೇಕು. ತಾಳ್ಮೆಯ ಆಟವು ಕ್ಷಣಮಾತ್ರದಲ್ಲಿ ಮಿಂಚಿನ ಆಟವಾಗುವುದರಲ್ಲಿಯೇ ಇದರ ರುಚಿ.

ಜನ ಸೇರಿದ ಬಗೆ

ಕಲಿಯಲು ಸುಲಭವಾದುದರಿಂದ ಆಟವು ಹಿತ್ತಿಲುಗಳಿಂದ ಶಾಲೆಗಳಿಗೂ ನಿವೃತ್ತರ ಬಡಾವಣೆಗಳಿಗೂ ಹಬ್ಬಿತು. 1976ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಟಕ್ವಿಲಾದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. 1984ರಲ್ಲಿ ರಾಷ್ಟ್ರೀಯ ಸಂಘವು ಹುಟ್ಟಿತು. ಬೋಯಿಂಗ್ ಕಾರ್ಖಾನೆಯ ಇಂಜಿನಿಯರ್ ಆರ್ಲೆನ್ ಪರಾಂಟೊ, ವಿಮಾನದ ನೆಲಹಾಸಿಗೆ ಬಳಸುವ ಜೇನುಗೂಡಿನಂತಹ ಹಲಗೆಗಳಿಂದ ಹಗುರವಾದ ಬ್ಯಾಟುಗಳನ್ನು ತಯಾರಿಸಿದರು. 2022ರಲ್ಲಿ ವಾಷಿಂಗ್ಟನ್ ಇದನ್ನು ಸಂಸ್ಥಾನದ ಅಧಿಕೃತ ಕ್ರೀಡೆಯೆಂದು ಸಾರಿತು.

ಸಾರ್ವಜನಿಕ ಅಂಗಣಗಳಲ್ಲಿ ಬೆಳೆದಿರುವ ಪದ್ಧತಿಯೂ ಸ್ವಾರಸ್ಯವಾಗಿದೆ. ಬಂದವರು ತಮ್ಮ ಬ್ಯಾಟನ್ನು ಸಾಲಿನಲ್ಲಿಡುತ್ತಾರೆ. ಒಂದು ಆಟ ಮುಗಿದೊಡನೆ ಸಾಲಿನ ಮುಂದಿನ ನಾಲ್ವರು ಒಳಗೆ ಹೋಗುತ್ತಾರೆ. ಜೊತೆಗಾರ ಯಾರೆಂಬುದು ಹಲವು ವೇಳೆ ಆಗಲೇ ಗೊತ್ತಾಗುವುದು. ಆಟವು ಸಾಮಾನ್ಯವಾಗಿ ಹನ್ನೊಂದು ಅಂಕಗಳಿಗೆ ಮುಗಿಯುವುದರಿಂದ ಸರದಿಯು ಬೇಗ ಬರುತ್ತದೆ. ಕೊನೆಯಲ್ಲಿ ನಾಲ್ವರೂ ಬಲೆಯ ಬಳಿ ಬಂದು ಬ್ಯಾಟುಗಳನ್ನು ತಾಗಿಸಿ ಬೀಳ್ಕೊಳ್ಳುತ್ತಾರೆ. ಬಲೆಯಾಚೆಗೆ ನಿಂತವರ ಮಾತು ಕೇಳಿಸುವಷ್ಟು ಅಂಗಣ ಚಿಕ್ಕದಾದುದರಿಂದ ಅಪರಿಚಿತರೂ ಬೇಗನೆ ಪರಿಚಿತರಾಗುತ್ತಾರೆ.

ನಮ್ಮ ದೇಶಕ್ಕೆ ಇದನ್ನು ತಂದವರಲ್ಲಿ ಮುಂಬಯಿಯ ಸುನಿಲ್ ವಾಲಾವಲ್ಕರ್ ಮುಖ್ಯರು. 2008ರಲ್ಲಿ ಅಖಿಲ ಭಾರತ ಸಂಘವು ಸ್ಥಾಪಿತವಾಯಿತು. ಬೆಂಗಳೂರಿನಲ್ಲಿಯೂ ಖಾಲಿ ನಿವೇಶನಗಳಲ್ಲಿ, ಕಟ್ಟಡಗಳ ತಾರಸಿಗಳ ಮೇಲೆ ಬಾಡಿಗೆಯ ಅಂಗಣಗಳು ಎದ್ದಿವೆ. ನೆಲಕ್ಕೆ ಬೆಲೆಯೇರಿದ ನಗರದಲ್ಲಿ 880 ಚದರಡಿಯ ಆಟವು ನೆಲೆಯೂರಿದುದು ಆಶ್ಚರ್ಯವಲ್ಲ.

ನೆರೆಮನೆಯ ಅಹವಾಲು

ಆದರೆ ಈ ಆಟಕ್ಕೆ ಇನ್ನೊಂದು ಮುಖವೂ ಉಂಟು. ಬೇನ್‌ಬ್ರಿಜ್‌ನವರು ಆರಿಸಿಕೊಂಡ ಗಟ್ಟಿಯಾದ ಪ್ಲಾಸ್ಟಿಕ್ ಚೆಂಡೇ ಇಂದಿನ ಜಗಳಗಳ ಮೂಲವೂ ಆಗಿದೆ. ಗಟ್ಟಿಯಾದ ಎರಡು ವಸ್ತುಗಳು ಬಡಿದಾಗ ಅವುಗಳ ಸಂಪರ್ಕವು ಅತ್ಯಲ್ಪ ಕಾಲದ್ದು; ಸಂಪರ್ಕವು ಅಲ್ಪವಾದಷ್ಟೂ ಹೊಮ್ಮುವ ಧ್ವನಿಯಲ್ಲಿ ಹೆಚ್ಚಿನ ಆವೃತ್ತಿಯ ಕಂಪನಗಳು ತುಂಬಿರುತ್ತವೆ. ಟೆನಿಸ್ ಚೆಂಡಿನ ‘ಧಬ್’ ಎಂಬ ಸದ್ದು ಇಲ್ಲಿ ‘ಟಕ್’ ಆಗುತ್ತದೆ. ಸೆಕೆಂಡಿಗೆ ಸುಮಾರು ಸಾವಿರ ಕಂಪನಗಳ ಆಸುಪಾಸಿನ ಈ ಸದ್ದು ಕಿವಿಗೆ ಚುಚ್ಚಿ ಕೇಳಿಸುತ್ತದೆ. ಹೊತ್ತುಗೊತ್ತಿಲ್ಲದೆ ಮತ್ತೆ ಮತ್ತೆ ಬರುವುದರಿಂದ ಮನಸ್ಸು ಅದಕ್ಕೆ ಒಗ್ಗಿಕೊಳ್ಳುವುದೂ ಕಷ್ಟ. ಅಮೆರಿಕದ ಹಲವು ಊರುಗಳಲ್ಲಿ ನೆರೆಯವರು ನ್ಯಾಯಾಲಯಕ್ಕೆ ಹೋಗಿದ್ದಾರೆ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂಗಣವನ್ನು ಮನೆಗಳಿಂದ ದೂರವಿಡುವುದು, ನಡುವೆ ದಟ್ಟವಾದ ತಡೆಗೋಡೆ ಕಟ್ಟುವುದು, ಮೆದುವಾದ ಮುಖದ ಬ್ಯಾಟುಗಳನ್ನು ಬಳಸುವುದು, ಆಡುವ ವೇಳೆಯನ್ನು ಗೊತ್ತುಮಾಡುವುದು—ಇವೇ ತಿಳಿದಿರುವ ಪರಿಹಾರಗಳು. ಮನೆಗೆ ಮನೆ ಅಂಟಿಕೊಂಡಿರುವ ನಮ್ಮ ನಗರಗಳಲ್ಲಿ ತಾರಸಿಯ ಮೇಲೆ ಅಂಗಣ ಕಟ್ಟುವವರು ಇವನ್ನು ಮೊದಲೇ ಯೋಚಿಸಬೇಕು. ಹಾಗೆಯೇ, ಆಟ ಹಗುರವೆಂದು ನಂಬಿ ಹಿರಿಯರು ಹಿಂದುಹಿಂದಕ್ಕೆ ಓಡಿ ಬಿದ್ದು ಪೆಟ್ಟು ಮಾಡಿಕೊಳ್ಳುವುದುಂಟು. ಎತ್ತರದ ಚೆಂಡಿಗೆ ಬೆನ್ನು ತಿರುಗಿಸಿ ನಡೆಯುವುದೇ ಕ್ಷೇಮ.

ಆಟದ ನಿಯಮಗಳನ್ನು ಮನುಷ್ಯರು ಮಾಡುತ್ತಾರೆ. ಚೆಂಡು ಪಾಲಿಸುವುದು ಪ್ರಕೃತಿಯ ನಿಯಮಗಳನ್ನು. ಬಲೆಯನ್ನು ಎರಡಡಿ ಇಳಿಸಿ, ನೆಲದ ಮೇಲೆ ಏಳಡಿಗೊಂದು ಗೆರೆಯೆಳೆದು, ಹಗುರವಾದ ಚೆಂಡನ್ನು ಆರಿಸಿದುದರಿಂದ ಒಂದೇ ಮನೆಯ ಮೂರು ತಲೆಮಾರುಗಳು ಕೂಡಿ ಆಡುವಂತಾಯಿತು. ನಮ್ಮ ಶಾಲೆಗಳ ಅಂಗಳಗಳಲ್ಲಿ ಬಲಹೀನರೆಂದು ಬದಿಗೆ ಕುಳಿತಿರುವ ಹುಡುಗರೂ ಹುಡುಗಿಯರೂ ಬಹಳ ಮಂದಿ ಇದ್ದಾರೆ. ಅವರನ್ನೂ ಒಳಗೆ ಕರೆಯುವಂತೆ ಆಟಗಳ ಅಳತೆಗಳನ್ನು ಬದಲಿಸಿ ನೋಡುವುದು ನಮ್ಮ ವಿದ್ಯಾರ್ಥಿಗಳಿಗೆ ಅಸಾಧ್ಯವೇನೂ ಅಲ್ಲ.