ಅನ್ಯರ ಅನ್ನದ ವ್ಯಾಜ್ಯವನ್ನು ಹೊತ್ತವರು

ಸಿಂಗಾಪುರಕ್ಕೆ ಇಂದು ಬರುವವರ ಕಣ್ಣಿಗೆ ಬೀಳುವುದು ಬಹುಮಹಡಿ ಕಟ್ಟಡಗಳ ಸಾಲು. ಆದರೆ ಈ ಸೀಮೆಯ ಹಳೆಯ ನಿವಾಸಿಗಳಲ್ಲಿ ಅನೇಕರು ಇಲ್ಲಿ ನೆಲೆನಿಂತುದು ಸಮೀಪದ ಜಾಲಹಳ್ಳಿಯ ಕಾರ್ಖಾನೆಗಳ ದೆಸೆಯಿಂದ. 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಸ್ಥಾಪನೆಗೊಂಡವು. ನಮ್ಮ ಎಷ್ಟೋ ಮನೆಗಳ ತರುಣರು ಊರಿನ ನೇಗಿಲನ್ನು ತಮ್ಮಂದಿರಿಗೆ ಒಪ್ಪಿಸಿ ಸೈರನ್ನಿನ ಕೂಗಿಗೆ ಹೊಂದಿಕೊಂಡರು. ದುಡಿದವರ ಕಥೆಯನ್ನು ಬೇಕಾದಷ್ಟು ಕೇಳಿದ್ದೇವೆ. ಅವರ ಪರವಾಗಿ ನಿಂತು ವಾದಿಸಿದವರ ಮನೆಯೊಳಗಿನ ಕಥೆಯನ್ನು ಕೇಳಿದವರು ಕಡಿಮೆ. ಅಂಥ ಒಬ್ಬ ಹಿರಿಯರನ್ನು ಕಳೆದ ಕಾರ್ತಿಕದಲ್ಲಿ ಕಂಡು ಬಂದೆವು. ಹೆಸರು ಬೇಡವೆಂದರು, ಅವರಿದ್ದ ಕಾರ್ಖಾನೆಯ ಹೆಸರೂ ಇಲ್ಲಿ ಅನಗತ್ಯ.

1980ರ ಡಿಸೆಂಬರ್ 26ರಂದು ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ ಆರಂಭವಾದ ಮುಷ್ಕರವನ್ನು ಹಿರಿಯ ಓದುಗರು ಮರೆತಿರಲಾರರು. ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಂ.ಎಲ್.ಗಳ ಸುಮಾರು 1.25 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನ ಅವರ ಮುಖ್ಯ ಬೇಡಿಕೆ. ಜಂಟಿ ಕ್ರಿಯಾ ರಂಗದ ನಾಯಕರಲ್ಲಿ ಐ.ಟಿ.ಐ.ಯ ಮೈಕೆಲ್ ಫರ್ನಾಂಡಿಸ್ ಪ್ರಮುಖರು. 77 ದಿನ ನಡೆದ ಆ ಹೋರಾಟ 1981ರ ಮಾರ್ಚಿಯಲ್ಲಿ, ಬೇಡಿದ್ದು ಕೈಗೂಡದೆಯೇ ಮುಗಿಯಿತು. ನಾಯಕರ ಹೆಸರು ಪತ್ರಿಕೆಗಳಲ್ಲಿ ಬಂದಿತು. ಪ್ರತಿ ವಿಭಾಗದಲ್ಲಿಯೂ ಸಂಘದ ಕೆಲಸವನ್ನು ಹೊತ್ತಿದ್ದ ನಮ್ಮ ಹಿರಿಯರಂಥವರ ಹೆಸರು ಎಲ್ಲಿಯೂ ಬರಲಿಲ್ಲ.

"ಎರಡೂವರೆ ತಿಂಗಳು ಸಂಬಳವಿಲ್ಲ. ಬೇರೆಯವರ ಮನೆಯಲ್ಲಿಯೂ ಇರಲಿಲ್ಲ, ನಿಜ. ಆದರೆ ಅವರೆಲ್ಲರೂ ಸಾಲ ಕೇಳಲು ಬರುತ್ತಿದ್ದುದು ನಮ್ಮ ಮನೆಗೆ" ಎಂದರು ಅವರ ಧರ್ಮಪತ್ನಿ. ರಾಗಿಯ ಮೂಟೆ ತವರಿನಿಂದ ಬಂದಿತ್ತಂತೆ. ಅದರಲ್ಲಿ ಅರ್ಧ ಬೀದಿಯವರ ಪಾಲಾಯಿತು. ಮುಷ್ಕರ ನಿಂತ ಮೇಲೆ, ಅದೇ ರಾಗಿಯನ್ನು ಉಂಡವರಲ್ಲಿ ಕೆಲವರು "ನಮ್ಮನ್ನು ಮಾರಿಕೊಂಡರು" ಎಂದೂ ಆಡಿದರಂತೆ. ಆ ತಾಯಿ ಇದನ್ನು ಹೇಳುವಾಗ ಹಿರಿಯರು ಎದ್ದು ಅಂಗಳಕ್ಕೆ ಹೋದರು.

ಇಷ್ಟು ಭಾರ ಇಂಥವರ ಮೇಲೆಯೇ ಏಕೆ ಬೀಳುತ್ತಿತ್ತು? 1947ರ ಕೈಗಾರಿಕಾ ವಿವಾದ ಕಾಯಿದೆಯ 36ನೆಯ ಕಲಮಿನ ಪ್ರಕಾರ ಕಾರ್ಮಿಕ ನ್ಯಾಯಾಲಯದಲ್ಲಿ ವಕೀಲರು ನಿಲ್ಲಬೇಕಾದರೆ ಎದುರು ಪಕ್ಷದ ಸಮ್ಮತಿಯೂ ನ್ಯಾಯಾಲಯದ ಅನುಮತಿಯೂ ಬೇಕಾಗಿದ್ದವು. ಬಡವನೆದುರು ಹಣವಂತನ ವಕೀಲ ನಿಲ್ಲಬಾರದೆಂಬ ಸದುದ್ದೇಶವೇ ಇದ್ದೀತು. ಆದರೆ ಕಾರ್ಮಿಕನ ಪರವಾಗಿ ಮಾತನಾಡುವ ಹೊಣೆ ಸಂಘದ ಪದಾಧಿಕಾರಿಯ ಹೆಗಲಿಗೆ ಬಂದಿತು. ಹಗಲು ಯಂತ್ರದ ಮುಂದೆ ನಿಂತವನು ರಾತ್ರಿ ಕಾನೂನಿನ ಪುಸ್ತಕ ತೆರೆಯಬೇಕು. (ಆ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ನಾವು ಹೇಳುತ್ತಿರುವುದು ಹಿಂದಿನ ಮಾತು.) ಕಾರ್ಖಾನೆಯೊಳಗಿನ ಇಲಾಖಾ ವಿಚಾರಣೆಯಂತೂ ಇನ್ನೂ ಕಠಿಣ. ಆಪಾದಿತನ ಸಹಾಯಕನಾಗಿ ಕುಳಿತು ತನ್ನ ಮೇಲಧಿಕಾರಿಯನ್ನೇ ಪಾಟೀಸವಾಲು ಮಾಡಬೇಕು. ಮರುದಿನ ಬೆಳಿಗ್ಗೆ ಅದೇ ಅಧಿಕಾರಿಯ ಮುಂದೆ ಕೆಲಸಕ್ಕೆ ನಿಲ್ಲಬೇಕು. ಇಂಥವರ ಮೇಲೆ ಸೇಡು ತೀರದಿರಲೆಂದೇ ಕಾಯಿದೆಯು ಕೆಲವು ಪದಾಧಿಕಾರಿಗಳನ್ನು 'ಸಂರಕ್ಷಿತ ಕಾರ್ಮಿಕ'ರೆಂದು ಗುರುತಿಸಿತ್ತು. ವಿವಾದ ನಡೆದಿರುವಷ್ಟು ಕಾಲ ಅಧಿಕಾರಿಯ ಅಪ್ಪಣೆಯಿಲ್ಲದೆ ಅವರನ್ನು ವಜಾ ಮಾಡುವಂತಿರಲಿಲ್ಲ. ನೌಕರಿಗೆ ರಕ್ಷಣೆಯಿತ್ತು, ನಿದ್ರೆಗೆ ಇರಲಿಲ್ಲ.

ನಮ್ಮ ಹಿರಿಯರು ಗೆದ್ದ ಪ್ರಕರಣಗಳು ಹಲವಾರು. ಅವುಗಳ ಬಗೆಗೆ ಕೇಳಿದರೆ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಸೋತ ಒಂದು ಪ್ರಕರಣವನ್ನು ಮಾತ್ರ ತಾರೀಖು ಸಹಿತ ಹೇಳಿದರು. ಹಿತ್ತಾಳೆಯ ತುಣುಕುಗಳನ್ನು ಕದ್ದನೆಂಬ ಆಪಾದನೆಯ ಮೇಲೆ ಒಬ್ಬ ಸಹೋದ್ಯೋಗಿಯ ವಿಚಾರಣೆ. ಅಂದು ಗೇಟಿನ ಪುಸ್ತಕವನ್ನು ಹಾಜರುಪಡಿಸಿರೆಂದು ಕೇಳಲು ಇವರು ಮರೆತರು. ಹಿಂದಿನ ರಾತ್ರಿ ಮಗಳಿಗೆ ಜ್ವರ ಏರಿತ್ತು, ಕಣ್ಣು ಮುಚ್ಚಿರಲಿಲ್ಲ. ಮುಂದೆ ಏಳು ವರ್ಷ ನ್ಯಾಯಾಲಯಕ್ಕೆ ಅಲೆದರೂ ಪುಸ್ತಕ ದೊರೆಯಲಿಲ್ಲ. ಅದು ಆಗಲೇ ರದ್ದಿಗೆ ಹೋಗಿತ್ತು. ವಜಾ ಆದೇಶ ಊರ್ಜಿತವಾಯಿತು.

"ಆ ಪುಸ್ತಕದಲ್ಲಿ ಏನಿತ್ತೋ ನನಗೆ ಇಂದಿಗೂ ತಿಳಿಯದು. ಅವನು ಬಿಡುಗಡೆಯಾಗುತ್ತಿದ್ದನೋ, ಅಪರಾಧಿಯೇ ಆಗುತ್ತಿದ್ದನೋ. ಕೇಳಬೇಕಿತ್ತು, ಕೇಳಲಿಲ್ಲ" ಎಂದರು.

ಹಿಂದಿನ ದೀಪಾವಳಿಗೆ ಸುಣ್ಣ ಬಳಿಸುವಾಗ ಅಟ್ಟದ ಟ್ರಂಕಿನಲ್ಲಿದ್ದ ಕಡತಗಳನ್ನೆಲ್ಲ ಸೊಸೆ ರದ್ದಿಗೆ ಹಾಕಿದರಂತೆ. ಅವರು ತಡೆಯಲಿಲ್ಲ, ಈ ಒಂದನ್ನು ಮಾತ್ರ ತೆಗೆದಿಟ್ಟುಕೊಂಡರು.

ಕೆಲಸ ಕಳೆದುಕೊಂಡ ಆ ಮನುಷ್ಯ ಮುಂದೆ ಆಟೋ ಓಡಿಸಿ ಮೂವರು ಮಕ್ಕಳನ್ನು ಓದಿಸಿದ. ಈಗಲೂ ಜಾಲಹಳ್ಳಿಯ ಕಡೆ ಆಟೋ ನಿಲ್ದಾಣದಲ್ಲಿ ಸಿಗುತ್ತಾನೆ. ಇವರನ್ನು ಕಂಡರೆ "ಅಣ್ಣಾ, ಹತ್ತಿ" ಎಂದು ಕೂರಿಸಿಕೊಳ್ಳುತ್ತಾನೆ, ಬಾಡಿಗೆ ಎಷ್ಟು ಕೊಟ್ಟರೂ ಮುಟ್ಟುವುದಿಲ್ಲ. ಆದುದರಿಂದಲೇ ಹಿರಿಯರು ಔಷಧಿಯ ಅಂಗಡಿಗೆ ಹೋಗುವಾಗ ಆ ನಿಲ್ದಾಣವನ್ನು ಬಿಟ್ಟು, ಮೊಣಕಾಲು ನೋವಿದ್ದರೂ, ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತಾರೆ.