ತೀರ್ಪಿನ ಮೂಲವನ್ನು ಅರಸಿ

ಕಾನೂನು ಕಲಿಯುವವರೆಂದರೆ ದಪ್ಪ ದಪ್ಪ ಗ್ರಂಥಗಳನ್ನು ಬಾಯಿಪಾಠ ಮಾಡುವವರೆಂಬ ಭಾವನೆ ಅನೇಕರಲ್ಲಿದೆ. ಆದರೆ ಒಂದು ದೇಶದ ಕಾನೂನನ್ನೆಲ್ಲ ನೆನಪಿನಲ್ಲಿ ಹಿಡಿದಿಡಲು ಯಾರಿಂದಲೂ ಆಗದು. ನುರಿತ ನ್ಯಾಯವಾದಿಯೂ ಪ್ರತಿಯೊಂದು ವ್ಯಾಜ್ಯಕ್ಕೂ ಹೊಸದಾಗಿ ಪುಸ್ತಕ ತೆರೆಯುತ್ತಾನೆ. ಬೇಕಾದ ಆಧಾರವನ್ನು ಹುಡುಕುವುದು, ದೊರೆತುದನ್ನು ತೂಗಿ ನೋಡುವುದು, ತೂಕಕ್ಕೆ ನಿಂತುದನ್ನು ತಕ್ಕ ಕಡೆಯಲ್ಲಿ ಬಳಸುವುದು, ಈ ಮೂರೇ ಕಾನೂನು ವಿದ್ಯಾರ್ಥಿಯ ನಿಜವಾದ ಅಭ್ಯಾಸ.

ಇದನ್ನು ಒಂದು ನಿದರ್ಶನದಿಂದ ತಿಳಿಯೋಣ. ಕುಂದಾಪುರದ ಉತ್ತರಕ್ಕೆ, ಹೆದ್ದಾರಿಯಿಂದ ಕೊಲ್ಲೂರಿನ ದಾರಿ ಒಡೆಯುವಲ್ಲಿ ಹೆಮ್ಮಾಡಿ ಎಂಬ ಊರಿದೆ. ಸೇವಂತಿಗೆ ಹೂವಿಗೆ ಹೆಸರಾದ ಊರು ಅದು. ಅಲ್ಲಿಯ ಒಂದು ಹಳೆಯ ಮನೆತನವನ್ನು ಕಲ್ಪಿಸಿಕೊಳ್ಳಿ. ಮನೆಯ ಹಿರಿಯನೊಬ್ಬನು ಬಹಳ ಹಿಂದೆ ತೀರಿಕೊಂಡಿದ್ದಾನೆ. ಅವಿಭಕ್ತ ಆಸ್ತಿಯಲ್ಲಿ ಆತನಿಗಿದ್ದ ಹಕ್ಕು ತಮಗೆ ಬರಬೇಕೆಂದು ಆತನ ಮಕ್ಕಳು ಹೇಳುತ್ತಾರೆ. ಅದು ತಾಯಿಮನೆಯಲ್ಲೇ ಉಳಿಯಬೇಕೆಂದು ಆತನ ತಂಗಿಯ ಮಕ್ಕಳು ವಾದಿಸುತ್ತಾರೆ. ಯಾರ ಮಾತು ಸರಿ?

ಕರಾವಳಿಯ ಬಂಟರು ಮೊದಲಾದ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ನಡೆದುಬಂದಿತ್ತು. ಅದರಂತೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುತ್ತಿದ್ದವು. ಇಷ್ಟನ್ನು ಊರಿನ ಹಿರಿಯರೂ ಹೇಳಬಲ್ಲರು. ಆದರೆ ವಿದ್ಯಾರ್ಥಿಯು ಇಲ್ಲಿಗೇ ನಿಲ್ಲುವಂತಿಲ್ಲ. ಈ ಪದ್ಧತಿಯನ್ನು ಕುರಿತು ಶಾಸನವೇನಾದರೂ ಇದೆಯೇ ಎಂದು ಆತ ಮೊದಲು ನೋಡಬೇಕು. ಹಾಗೆ ಹುಡುಕಿದಾಗ 1949ರ ಮದರಾಸು ಅಳಿಯಸಂತಾನ ಅಧಿನಿಯಮವೂ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವೂ ಕೈಗೆ ಸಿಗುತ್ತವೆ. ಎರಡನೆಯದು 1956ರ ಜೂನ್ 17ರಂದು ಜಾರಿಗೆ ಬಂದಿತು. ಅದರ 7ನೆಯ ಪ್ರಕರಣದ ಪ್ರಕಾರ, ಆ ದಿನದ ಅನಂತರ ತೀರಿಕೊಂಡವನ ಅವಿಭಕ್ತ ಹಕ್ಕು ಅಳಿಯಸಂತಾನ ಕಟ್ಟಳೆಯಂತೆ ಅಲ್ಲ, ಹೊಸ ಅಧಿನಿಯಮದಂತೆ ವಾರಸುದಾರರಿಗೆ ಸಲ್ಲುತ್ತದೆ. ಎಂದ ಮೇಲೆ, ಆ ಹಿರಿಯನು 1955ರಲ್ಲಿ ತೀರಿಕೊಂಡಿದ್ದರೆ ಒಂದು ಉತ್ತರ, 1957ರಲ್ಲಿ ತೀರಿಕೊಂಡಿದ್ದರೆ ಇನ್ನೊಂದು ಉತ್ತರ! ಇಡೀ ಮೊಕದ್ದಮೆ ಒಂದು ದಿನಾಂಕದ ಮೇಲೆ ನಿಂತಿದೆ. ಆದುದರಿಂದ ಗ್ರಂಥಾಲಯದಲ್ಲಿ ಕಾನೂನನ್ನು ಹುಡುಕಿದ ವಿದ್ಯಾರ್ಥಿ, ಮರಣದ ದಾಖಲೆಯನ್ನೂ ಪಹಣಿಯನ್ನೂ ನೋಂದಣಿ ಕಚೇರಿಯ ವಿಭಾಗಪತ್ರವನ್ನೂ ಹುಡುಕಲು ಕಲಿಯಬೇಕು.

ಶಾಸನದ ಮಾತಿಗೆ ಅರ್ಥ ಹೇಳುವುದು ನ್ಯಾಯಾಲಯದ ತೀರ್ಪು. ತೀರ್ಪುಗಳನ್ನು ಹುಡುಕುವವನಿಗೆ ನಾಡಿನ ಇತಿಹಾಸವೂ ತಿಳಿದಿರಬೇಕು. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಹೆಮ್ಮಾಡಿಯೂ ಅದರೊಳಗೇ ಇತ್ತು. ಅಲ್ಲಿಯವರೆಗಿನ ತೀರ್ಪುಗಳು ಮದರಾಸು ಉಚ್ಚ ನ್ಯಾಯಾಲಯದವು. ಅನಂತರದವು ಮೈಸೂರು ಉಚ್ಚ ನ್ಯಾಯಾಲಯದವು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದ ಮೇಲಿನವು ಕರ್ನಾಟಕದ ಹೆಸರಿನಲ್ಲಿವೆ. ಕರ್ನಾಟಕ ಎಂಬ ಒಂದೇ ಹೆಸರನ್ನು ಹಿಡಿದು ಹುಡುಕುವವನಿಗೆ ಹಳೆಯ ತೀರ್ಪುಗಳು ಕಾಣಿಸುವುದೇ ಇಲ್ಲ.

ಸಿಕ್ಕಿದ್ದೆಲ್ಲ ಸಮಾನ ತೂಕದ್ದಲ್ಲ. ಸಂವಿಧಾನದ 141ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯವು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬಂಧಕ. ಬೇರೆ ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪು ನಮ್ಮಲ್ಲಿ ಮನವೊಲಿಸಬಲ್ಲದು, ಕಟ್ಟಿಹಾಕಲಾರದು. ವಿದ್ವಾಂಸರ ಗ್ರಂಥ ದಾರಿ ತೋರಿಸುತ್ತದೆ, ಆದರೆ ಅದೇ ಕಾನೂನಲ್ಲ. ತೀರ್ಪಿನ ಮೇಲ್ಗಡೆ ಅಚ್ಚಾಗುವ ಸಾರಾಂಶವೂ ವರದಿಗಾರನ ಬರವಣಿಗೆಯೇ ಹೊರತು ನ್ಯಾಯಾಧೀಶರ ಮಾತಲ್ಲ. ಅದನ್ನಷ್ಟೇ ಓದಿ ವಾದಿಸುವವನು ಎದುರು ಪಕ್ಷದ ಒಂದು ಪ್ರಶ್ನೆಗೆ ತತ್ತರಿಸುತ್ತಾನೆ. ಅಳಿಯಸಂತಾನದ ಮೂಲವೆಂದು ಭೂತಾಳ ಪಾಂಡ್ಯನ ಹೆಸರಿನ ಕಟ್ಟಳೆಯೊಂದನ್ನು ಹೇಳುತ್ತಾರೆ. ಅದರ ಪ್ರಾಚೀನತೆಯನ್ನು ವಿದ್ವಾಂಸರು ಶಂಕಿಸಿದ್ದಾರೆ. ಪದ್ಧತಿ ಇದ್ದುದು ನಿಜವೆಂದ ಮಾತ್ರಕ್ಕೆ ಅದನ್ನು ಹೇಳುವ ಪ್ರತಿಯೊಂದು ಗ್ರಂಥವೂ ಪ್ರಮಾಣವಾಗುವುದಿಲ್ಲ.

ತೀರ್ಪಿಗೂ ಆಯುಷ್ಯವುಂಟು. ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವಂತೆ ಸಂಸತ್ತು ಸಂವಿಧಾನವನ್ನು ತಿದ್ದಲಾಗದೆಂದು 1967ರಲ್ಲಿ ಗೋಲಕನಾಥ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮುಂದೆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಹೂಡಿದ ಮೊಕದ್ದಮೆಯನ್ನು 13 ನ್ಯಾಯಾಧೀಶರು ಆಲಿಸಿದರು. 1973ರ ಏಪ್ರಿಲ್ 24ರಂದು ಹೊರಬಂದ ತೀರ್ಪು ಗೋಲಕನಾಥ ತೀರ್ಪನ್ನು ತಳ್ಳಿಹಾಕಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದು ಸಾರಿತು. ಹಿಂದಿನದನ್ನು ಮಾತ್ರ ಓದಿ ನಿಂತವನು ಸತ್ತ ಕಾನೂನನ್ನು ಜೀವಂತವೆಂದು ಹೇಳಿದಂತಾಯಿತು. ಆದುದರಿಂದ ತೀರ್ಪನ್ನು ಬಳಸುವ ಮುನ್ನ ಅದು ಇಂದಿಗೂ ಊರ್ಜಿತದಲ್ಲಿದೆಯೇ ಎಂದು ನೋಡಲೇಬೇಕು.

ಹಿಂದೆ ಈ ಕೆಲಸಕ್ಕೆ ಸಾಲು ಸಾಲು ಸಂಪುಟಗಳನ್ನು ತಿರುವಬೇಕಾಗಿತ್ತು. ಆಲ್ ಇಂಡಿಯಾ ರಿಪೋರ್ಟರ್ ಸಂಪುಟಗಳು ವಕೀಲರ ಕಪಾಟಿನ ಗುರುತೇ ಆಗಿದ್ದವು. ಇಂದು ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಗಣಕಯಂತ್ರದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಕೆಲವು ಕನ್ನಡದಲ್ಲೂ ಇವೆ. ಹುಡುಕುವುದು ಸುಲಭವಾಯಿತು, ತೂಗುವುದು ಮಾತ್ರ ಸುಲಭವಾಗಲಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಕೃತಕ ಬುದ್ಧಿಮತ್ತೆಯ ಯಂತ್ರವು ಕಟ್ಟಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದಿಟ್ಟು 5,000 ಡಾಲರ್ ದಂಡ ತೆರಬೇಕಾಯಿತು. ನಮ್ಮಲ್ಲಿಯೂ ಕೆಳಗಿನ ನ್ಯಾಯಾಲಯವೊಂದರ ಆದೇಶದಲ್ಲಿ ಉಲ್ಲೇಖಗೊಂಡ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂಬುದನ್ನು 2025ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಗಂಭೀರವಾಗಿ ಪರಿಗಣಿಸಿತು. ಮೂಲವನ್ನು ಒಮ್ಮೆ ತೆರೆದು ನೋಡಿದ್ದರೆ ಇಂಥ ಪ್ರಮಾದ ಆಗುತ್ತಿರಲಿಲ್ಲ.

ಕೊನೆಯದು ಬಳಕೆ. ಎರಡು ಮೊಕದ್ದಮೆಗಳ ಸಂಗತಿಗಳು ನಿಜವಾಗಿ ಹೋಲುತ್ತವೆಯೇ ಎಂದು ನೋಡಿ, ತೀರ್ಪು ಯಾವ ಕಾರಣದ ಮೇಲೆ ನಿಂತಿದೆಯೋ ಆ ಕಾರಣವನ್ನು ಆರಿಸಬೇಕು. ನ್ಯಾಯಾಧೀಶರು ಪ್ರಸಂಗವಶಾತ್ ಆಡಿದ ಮಾತನ್ನು ತೀರ್ಪೆಂದು ತೋರಿಸಬಾರದು. ತನ್ನ ಪಕ್ಷಕ್ಕೆ ಪ್ರತಿಕೂಲವಾದ ತೀರ್ಪಿದ್ದರೆ ಅದನ್ನು ಬಚ್ಚಿಡದೆ, ಅದು ಇಲ್ಲಿಗೆ ಏಕೆ ಅನ್ವಯಿಸದೆಂದು ಹೇಳುವುದೇ ನ್ಯಾಯವಾದಿಯ ಧರ್ಮ.

ಮಕ್ಕಳೇ, ನಿಮ್ಮಲ್ಲಿ ಎಲ್ಲರೂ ವಕೀಲರಾಗಲಾರಿರಿ. ಆದರೆ ಕೇಳಿದ ಮಾತನ್ನು ನಂಬುವ ಮುನ್ನ ಇದನ್ನು ಹೇಳಿದವರು ಯಾರು, ಎಂದು ಹೇಳಿದರು, ಮೂಲ ಎಲ್ಲಿದೆ, ಇಂದಿಗೂ ಅದು ಸತ್ಯವೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಎಲ್ಲರಿಗೂ ಸಾಧ್ಯ. ಹೆಮ್ಮಾಡಿಯ ಆ ಮನೆಯವರಿಗೆ ಒಂದು ದಿನಾಂಕದ ತಪ್ಪು ಎಂದರೆ ತಲೆಮಾರುಗಳಿಂದ ಬಾಳಿದ ನೆಲ ಕೈಬಿಟ್ಟಂತೆ. ಮಾಹಿತಿ ಬರಿಯ ಅಕ್ಷರಗಳ ರಾಶಿಯಲ್ಲ. ಅದರ ಹಿಂದೆ ಮನುಷ್ಯರ ಬದುಕಿದೆ. ಅದನ್ನು ತೂಗಿ ಬಳಸುವವನಿಂದಲೇ ನ್ಯಾಯ ನೆಲೆನಿಲ್ಲುತ್ತದೆ.